ಅಡಿಕೆ ಅಂಗಳದಲ್ಲಿ ಎಕ್ಸ್ ಅಕ್ಷ: ನನ್ನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಪ್ಲಸ್ ವನ್ (ಹನ್ನೊಂದನೇ ತರಗತಿ) ಮಕ್ಕಳಿಗೆ ಗಣಿತ ಟ್ಯೂಷನ್ ಕೊಡುತ್ತೇನೆ. ಹತ್ತನೆಯವರೆಗೆ ಕನ್ನಡ ಮೀಡಿಯಂ, ಹನ್ನೊಂದಕ್ಕೆ ಕಾಲಿಟ್ಟ ಕೂಡಲೇ ಎಲ್ಲ ಇಂಗ್ಲಿಷ್. ಲೆಕ್ಕ ಬಾರದ ಮಕ್ಕಳೇನಲ್ಲ. ಪದ ಗೊತ್ತಿಲ್ಲ, ಅಷ್ಟೇ. ಗಣಿತದಲ್ಲಿ ಫಂಕ್ಷನ್ ಅಂದರೆ ಒಂದು ಸಂಖ್ಯೆ ಕೊಟ್ಟರೆ ಒಂದೇ ಉತ್ತರ ಕೊಡುವ ನಿಯಮ. ಅವರಿಗೆ ಫಂಕ್ಷನ್ ಅಂದರೆ ಮದುವೆ, ಉಪನಯನ. ರೇಂಜ್ ಅಂದರೆ ಮೊಬೈಲಿಗೆ ಸಿಗುವಂಥದ್ದು. ಒಮ್ಮೆ 'ಇದರ ರೇಂಜ್ ಎಷ್ಟು?' ಅಂತ ಕೇಳಿದರೆ ಹಿಂದಿನ ಬೆಂಚಿನಿಂದ 'ಗುಡ್ಡೆ ಹತ್ತಿದ್ರೆ ಸಿಗ್ತದೆ ಸರ್' ಅಂತ ಉತ್ತರ ಬಂತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ವರ್ಷ ಹನ್ನೊಂದು ಮಕ್ಕಳಲ್ಲಿ ಐವರಿಗೆ 80ರಲ್ಲಿ ಪಾಸಿಗೆ ಬೇಕಾದ 24 ಬರಲಿಲ್ಲ.

ಮೊದಲು ಮಾಡಿದ್ದು ಪದಪಟ್ಟಿ. ಫಂಕ್ಷನ್‌ಗೆ ಉತ್ಪನ್ನ, ಡೊಮೇನ್‌ಗೆ ಕ್ಷೇತ್ರ, ರೇಂಜ್‌ಗೆ ವ್ಯಾಪ್ತಿ, ಹೀಗೆ ಸುಮಾರು 120 ಪದ. ಜೆರಾಕ್ಸ್, ಬೈಂಡಿಂಗ್ ಸೇರಿ ಹತ್ತಿರ ಹತ್ತಿರ 1,800 ರೂಪಾಯಿ. ಮಕ್ಕಳು ಗಿಳಿಯ ಹಾಗೆ ಒಪ್ಪಿಸಿದರು. ಗ್ರಾಫ್ ಮುಂದಿಟ್ಟರೆ ಕ್ಷೇತ್ರ ಎಲ್ಲಿದೆ ಅಂತ ಒಬ್ಬರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಇಂಗ್ಲಿಷಿಗೆ ಗೊತ್ತಿಲ್ಲದ ಕನ್ನಡ ಕೊಟ್ಟಿದ್ದೆ.

ಮರುವರ್ಷ ಹಳೆಯ ಪ್ರೊಜೆಕ್ಟರ್ ತಂದೆ, 9,000. ಗೋಡೆಯ ಮೇಲೆ ಜಿಯೋಜೀಬ್ರಾ, ಗ್ರಾಫ್ ಬಿಡಿಸುವ ಸಾಫ್ಟ್‌ವೇರ್. ನೋಡಲಿಕ್ಕೆ ಭಾರೀ ಚಂದ. ಮಕ್ಕಳು ಸಿನಿಮಾ ನೋಡುವ ಹಾಗೆ ನೋಡಿದರು, ಒಬ್ಬರ ಕೈಯೂ ಗೀಟು ಎಳೆಯಲಿಲ್ಲ. ಜುಲೈಯಲ್ಲಿ ಕರೆಂಟೂ ಇರುವುದಿಲ್ಲ ಅಲ್ವಾ. ಈಗ ಅದು ಅಟ್ಟದಲ್ಲಿದೆ. ಬೇಕಿದ್ದವರು 4,000ಕ್ಕೆ ಒಯ್ಯಬಹುದು.

ಮೂರನೆಯ ವರ್ಷ ಹೊಳೆದದ್ದು ಅಂಗಳ. ನಮ್ಮದು ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ, ಮೇಲೆ ಶೀಟು ಇದೆ, ಮಳೆಗಾಲದಲ್ಲಿ ಖಾಲಿ. 24 ಅಡಿ ಉದ್ದ, 16 ಅಡಿ ಅಗಲ. ಅಡಿಕೆಗೆ ಸಿಂಪಡಿಸುವ ಬೋರ್ಡೋ ಔಷಧಕ್ಕೆ ತಂದ ಸುಣ್ಣ ಉಳಿದಿತ್ತು, ಅದರಲ್ಲಿ ಅಡಿಗೊಂದು ಗೀಟು ಹಾಕಿದೆ. ಎರಡು ದಿನದಲ್ಲಿ ಎರಚಲು ಬಡಿದು ವೈ ಅಕ್ಷವೇ ಹೋಯಿತು. ಆಮೇಲೆ ಬಿಳಿ ಪೈಂಟ್. 'ಅಡಿಕೆಗೆ ಬಣ್ಣ ಹಿಡಿದರೆ ವ್ಯಾಪಾರಿ ಮುಟ್ಟುತ್ತಾನಾ?' ಅಂತ ಹೆಂಡತಿ ಕೇಳಿದಳು. ಬಣ್ಣ ಹಿಡಿಯಲಿಲ್ಲ. ಪೈಂಟು, ನೈಲಾನ್ ಹಗ್ಗ ಸೇರಿ 700 ಚಿಲ್ಲರೆ ಆಗಿರಬೇಕು.

ಮೂರು ವಾರ ಸೂತ್ರದ ಬಾಯಿಪಾಠ ಇಲ್ಲ, ಪುಸ್ತಕ ಇಲ್ಲ, ಗೀಟುಗಳ ಮೇಲೆ ಗ್ರಾಫಿನ ಆಕಾರಕ್ಕೆ ಹಾಸಿದ ಬರೀ ಹಗ್ಗ. ಟ್ಯೂಷನ್ ಕೊಡುವ ಗೆಳೆಯರೊಬ್ಬರು ಬಂದು ನೋಡಿ, 'ಮಾಷ್ಟ್ರೇ, ಪೋರ್ಷನ್ ಮುಗಿಯುವುದು ಯಾವಾಗ?' ಅಂದರು. ಇಬ್ಬರು ಪೋಷಕರು ಮಕ್ಕಳನ್ನು ಬಿಡಿಸಿಯೇ ಬಿಟ್ಟರು. ತಿಂಗಳಿಗೆ 1,000 ರೂಪಾಯಿ ಕಡಿಮೆ ಆಯಿತು.

ಮೊದಲ ದಿನ ಹಾಕಿದ್ದು ಎಕ್ಸ್ ವರ್ಗ ಕಳೆ 4 ಎಕ್ಸ್ ಕೂಡು 3. ಹಗ್ಗ ವೈ ಅಕ್ಷದ 3ರಿಂದ ಇಳಿದು, ಎಕ್ಸ್ ಅಕ್ಷವನ್ನು 1ರಲ್ಲಿ ದಾಟಿ, 2ರ ಕೆಳಗೆ ಒಂದಡಿ ಹೋಗಿ ತಿರುಗಿ, 3ರಲ್ಲಿ ಮತ್ತೆ ಮೇಲೆ ಬರುತ್ತದೆ. 'ಈ ಫಂಕ್ಷನ್ನಿನ ಝೀರೋದ ಮೇಲೆ ನಿಲ್ಲಿ' ಅಂದೆ. ಅಂದರೆ ಹಗ್ಗ ಎಕ್ಸ್ ಅಕ್ಷ ದಾಟುವ 1ರಲ್ಲಿ ಅಥವಾ 3ರಲ್ಲಿ. ನಾಲ್ವರು ಅಕ್ಷಗಳು ಸೇರುವಲ್ಲಿ ಹೋಗಿ ನಿಂತರು, ಅಲ್ಲಿ ಹಗ್ಗವೇ ಇಲ್ಲ! ಒಬ್ಬಳು ವೈ ಅಕ್ಷದ 3ರಲ್ಲಿ ನಿಂತಳು. ಎಕ್ಸ್‌ಗೆ ಸೊನ್ನೆ ಹಾಕಿದೆ ಸರ್, 3 ಬಂತು ಅಂದಳು. ಆಗ ನನಗೆ ಗೊತ್ತಾಯಿತು, ಇಷ್ಟು ವರ್ಷ ಇವರು 'ಕೊಟ್ಟದ್ದು ಸೊನ್ನೆ' ಮತ್ತು 'ಸಿಕ್ಕಿದ್ದು ಸೊನ್ನೆ' ಎರಡನ್ನೂ ಒಂದೇ ಅಂದುಕೊಂಡಿದ್ದರು. ಆಮೇಲೆ ಎಲ್ಲದಕ್ಕೂ ಆ ಎರಡೇ ಮಾತು. ಏನೇನು ಕೊಡಬಹುದು, ಅದು ಡೊಮೇನ್. ಏನೇನು ಸಿಗುತ್ತದೆ, ಅದು ರೇಂಜ್.

ಏರುವುದು, ಇಳಿಯುವುದು ಇನ್ನೊಂದು ತಲೆನೋವು. ತಳದಲ್ಲಿ ನಿಂತು ನೋಡುವವನಿಗೆ ಎರಡೂ ಕಡೆ ಏರುವಂತೆಯೇ ಕಾಣುತ್ತದೆ. ಹಾಗಾಗಿ ಒಂದು ಕಾನೂನು ಮಾಡಿದೆ: ಯಾವಾಗಲೂ ಬಾವಿಯ ಕಡೆಯಿಂದ ಕೊಟ್ಟಿಗೆಯ ಕಡೆಗೆ, ಅಂದರೆ ಎಕ್ಸ್ ಹೆಚ್ಚುವ ಕಡೆಗೆ ನಡೆಯಬೇಕು. ಈಗಲೂ ಪರೀಕ್ಷೆಗೆ ಹೊರಟ ಮಕ್ಕಳು 'ಬಾವಿಯಿಂದ ಕೊಟ್ಟಿಗೆಗೆ' ಅಂತ ಗೊಣಗುತ್ತಾರೆ.

ಹಗ್ಗ ಫಂಕ್ಷನ್ ಹೌದೋ ಅಲ್ಲವೋ ನೋಡಲಿಕ್ಕೆ ದೋಟಿ, ಅಡಿಕೆ ಕೊಯ್ಯುವ ಉದ್ದ ಕೋಲು. ವೈ ಅಕ್ಷಕ್ಕೆ ಸಮಾನಾಂತರವಾಗಿ ನೆಲದ ಮೇಲಿಟ್ಟು ಸರಿಸುತ್ತಾ ಹೋಗುವುದು. ದೋಟಿಗೆ ಹಗ್ಗ ಎರಡು ಕಡೆ ತಾಗಿತೋ, ಕೊಟ್ಟದ್ದು ಒಂದಕ್ಕೆ ಸಿಕ್ಕಿದ್ದು ಎರಡು, ಅದು ಫಂಕ್ಷನ್ ಅಲ್ಲ.

ಆಟೋ ಬಾಡಿಗೆಯನ್ನೂ ಹಾಕಿದೆವು. ಒಂದೂವರೆ ಕಿಲೋಮೀಟರಿನವರೆಗೆ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 15. ಮೊದಲು ಚಪ್ಪಟೆ, ಆಮೇಲೆ ಓರೆ. 5 ಕಿಲೋಮೀಟರಿಗೆ 82 ರೂಪಾಯಿ 50 ಪೈಸೆ. '20 ರೂಪಾಯಿಗೆ ಎಷ್ಟು ದೂರ ಹೋಗಬಹುದು?' ಅಂತ ಕೇಳಿದೆ. 'ನಡೆದೇ ಹೋಗಬೇಕು ಸರ್' ಅಂದ ಒಬ್ಬ ಹುಡುಗ. ಸರಿ ಉತ್ತರ! 30ರ ಕೆಳಗೆ ರೇಂಜ್ ಇಲ್ಲ.

ನಡುವೆ ಒಂದು ಹುಚ್ಚು. ಎರಡು ಅಡಿಕೆ ಮರಗಳ ನಡುವೆ ಹಗ್ಗ ಇಳಿಬಿಟ್ಟರೆ ಪ್ಯಾರಾಬೋಲಾ (ಮೊದಲ ದಿನದ ಹಗ್ಗದ ಆಕಾರ) ಸಿಗುತ್ತದೆ ಅಂದುಕೊಂಡು ಒಂದು ಆದಿತ್ಯವಾರ ಇಡೀ ಅಳತೆ ತೆಗೆದೆ. ಹೊಂದಲೇ ಇಲ್ಲ. ಅದು ಕ್ಯಾಟನರಿ ಎಂಬ ಬೇರೆಯೇ ವಕ್ರ. 1691ರಲ್ಲೇ ಲೈಬ್ನಿಟ್ಸ್, ಹೈಗೆನ್ಸ್, ಬರ್ನೌಲಿ ಎಂಬ ಗಣಿತಜ್ಞರು ಬಿಡಿಸಿ ಮುಗಿಸಿದ್ದರು. ನನಗೆ ಸುಮ್ನೆ ಬೆನ್ನುನೋವು. ಪ್ಯಾರಾಬೋಲಾ ಬೇಕಿದ್ದರೆ ತೋಟದ ಪೈಪಿನ ನೀರು ಚಿಮ್ಮಿಸಿ ಫೋಟೋ ತೆಗೆಯಿರಿ, ಸಾಕಷ್ಟು ಹೊಂದುತ್ತದೆ.

ಇನ್ನೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ದೂರ ಹೋದಂತೆ ವಕ್ರ ಯಾವ ಗೆರೆಗೆ ಹತ್ತಿರವಾಗುತ್ತಾ ಹೋಗುತ್ತದೋ ಅದು ಅಸಿಂಪ್ಟೋಟ್. ಅದನ್ನು 'ಹತ್ತಿರ ಹೋಗುತ್ತದೆ, ಮುಟ್ಟುವುದಿಲ್ಲ' ಅಂತ ಹತ್ತು ವರ್ಷ ಹೇಳಿಕೊಟ್ಟೆ. ಎಕ್ಸ್ ಅನ್ನು 1 ಕೂಡು ಎಕ್ಸ್ ವರ್ಗದಿಂದ ಭಾಗಿಸಿದ ಹಗ್ಗ ಹಾಕಿದಾಗ ಅದು ಎಕ್ಸ್ ಅಕ್ಷವನ್ನು ಸೊನ್ನೆಯಲ್ಲಿ ಸಲೀಸಾಗಿ ದಾಟಿತು. ಆಚೆ ಈಚೆ ದೂರ ಹೋದ ಮೇಲೆ ಅದೇ ಅಕ್ಷಕ್ಕೆ ಅಂಟಿಕೊಳ್ಳುತ್ತಾ ಹೋಯಿತು. ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಅದರ ರೇಂಜ್ ಮೈನಸ್ ಅರ್ಧದಿಂದ ಅರ್ಧದವರೆಗೆ. ಅದನ್ನು ಸೂತ್ರವಿಲ್ಲದೆ ದೋಟಿಯಲ್ಲೇ ತೋರಿಸುವ ಒಂದು ಉಪಾಯ ನನ್ನಲ್ಲಿದೆ. ಇಲ್ಲಿ ಹೇಳುವುದಿಲ್ಲ, ಹೊಟ್ಟೆಪಾಡು ಸ್ವಾಮಿ.

ಕಳೆದ ವರ್ಷ ಹದಿನಾಲ್ಕು ಮಕ್ಕಳು. 24ರ ಕೆಳಗೆ ಒಬ್ಬನೇ, ಅವನಿಗೆ ಪರೀಕ್ಷೆಯ ದಿನ ಜ್ವರ. ಮೂವರು 70 ದಾಟಿದರು. ಪೋರ್ಷನ್ ಮುಗಿಯುವುದಿಲ್ಲ ಅಂದಿದ್ದ ಗೆಳೆಯರು ಮೊನ್ನೆ ಫೋನ್ ಮಾಡಿ ಪೈಂಟ್ ಯಾವುದು ಅಂತ ಕೇಳಿದರು. ಬಿಟ್ಟು ಹೋದ ಇಬ್ಬರಲ್ಲಿ ಒಬ್ಬ ವಾಪಸ್ ಬಂದಿದ್ದಾನೆ.

ಈಗ ಸೈನ್ ಹಗ್ಗ ಹಾಕುತ್ತಿದ್ದೇನೆ, ಅಲೆಯ ಹಾಗೆ ಏರಿ ಇಳಿಯುವ ವಕ್ರ. ಒಂದಕ್ಕೆ ಒಂದಡಿ ಇಟ್ಟರೆ ಉಬ್ಬು ಕಾಣುವುದೇ ಇಲ್ಲ. ಎರಡಡಿ ಮಾಡಿದೆ, ಚಂದ ಬಂತು. ಆದರೆ ಒಂದು ಸುತ್ತಿಗೆ ಹನ್ನೆರಡೂವರೆ ಅಡಿ ಬೇಕು, ಎರಡು ಸುತ್ತಿಗೆ 25. ಅಂಗಳ 24. ಉಳಿದ ಒಂದಡಿ ಕೊಟ್ಟಿಗೆಯೊಳಗೆ ಹೋಗಬೇಕು, ದನ ಒಪ್ಪುತ್ತಿಲ್ಲ.