ಮಾರ್ಫಿನ್ ನೋವನ್ನು ತಡೆಯುವುದು ಎಲ್ಲಿ? ಮನೆಯಲ್ಲಿ ಏನೇನು ಗಮನಿಸಬೇಕು?

ಮಾರ್ಫಿನ್, ಟ್ರಾಮಡಾಲ್, ಫೆಂಟನಿಲ್‌ನಂಥ ಓಪಿಯಾಯ್ಡ್ (ಅಫೀಮಿನ ಬಗೆಯ ನೋವುನಿವಾರಕ) ಔಷಧಗಳು ಗಾಯವನ್ನು ವಾಸಿಮಾಡುವುದಿಲ್ಲ. ಮುರಿದ ಮೂಳೆ ಮುರಿದೇ ಇರುತ್ತದೆ. ಅವು ಮುಖ್ಯವಾಗಿ ಕೆಲಸ ಮಾಡುವುದು ಗಾಯದಿಂದ ಮಿದುಳಿಗೆ ಹೋಗುವ ಸುದ್ದಿಯ ಮೇಲೆ.

ಮೊದಲ ತಡೆ ಬೆನ್ನುಹುರಿಯಲ್ಲಿ. ಚುಚ್ಚಿದಂಥ ನೋವನ್ನು ಎ-ಡೆಲ್ಟಾ ನರತಂತುಗಳು ಥಟ್ಟನೆ ತರುತ್ತವೆ. ಉರಿ ಮತ್ತು ಒಂದೇ ಸಮನೆ ಕಾಡುವ ಮಂದ ನೋವನ್ನು ಸಿ ತಂತುಗಳು ನಿಧಾನವಾಗಿ ತರುತ್ತವೆ. ಬೆನ್ನುಹುರಿಯ ಹಿಂಬದಿಯ ಕೋಶಗಳಿಗೆ ಗ್ಲುಟಮೇಟ್, ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕಗಳ ಮೂಲಕ ಈ ಸುದ್ದಿ ದಾಟುತ್ತದೆ. ಅಲ್ಲಿನ ‘ಮ್ಯೂ’ ಗ್ರಾಹಕಗಳಿಗೆ (ಕೋಶದ ಮೇಲೆ ಔಷಧ ಕೂರುವ ತಾಣಗಳಿಗೆ) ಮಾರ್ಫಿನ್ ಅಂಟಿಕೊಂಡರೆ, ಸುದ್ದಿ ತರುವ ತುದಿಯೊಳಕ್ಕೆ ಕ್ಯಾಲ್ಸಿಯಂ ಬರುವ ದಾರಿ ಮುಚ್ಚುತ್ತದೆ. ಕ್ಯಾಲ್ಸಿಯಂ ಬಾರದಿದ್ದರೆ ರಾಸಾಯನಿಕ ಹೊರಬೀಳದು. ಸುದ್ದಿ ಪಡೆಯುವ ಕೋಶದಿಂದ ಪೊಟ್ಯಾಸಿಯಂ ಹೊರಗೆ ಹರಿದು, ಆ ಕೋಶವೂ ಸುಲಭಕ್ಕೆ ಕೆರಳದು. ಸಿ ತಂತುಗಳ ಮೇಲೆ ಪರಿಣಾಮ ಹೆಚ್ಚು. ಹಾಗಾಗಿ ಮಲಗಿದ್ದಾಗಿನ ಮಂದ ನೋವು ತಗ್ಗಿದರೂ ಕೆಮ್ಮಿದಾಗ, ಮಗ್ಗುಲು ಬದಲಿಸಿದಾಗ ಚಳುಕು ಉಳಿಯಬಹುದು. ಔಷಧ ಕೆಲಸವನ್ನೇ ಮಾಡುತ್ತಿಲ್ಲ ಎಂದು ಭಾವಿಸಿ ಇನ್ನೊಂದು ಮಾತ್ರೆ ನುಂಗಬೇಡಿ.

ಎರಡನೆಯ ತಡೆ ಮೇಲಿನಿಂದ ಇಳಿದು ಬರುತ್ತದೆ. ನೋವನ್ನು ಹತ್ತಿಕ್ಕಲು ನಡುಮಿದುಳಿನಿಂದ ಬೆನ್ನುಹುರಿಗೆ ಒಂದು ದಾರಿ ಹುಟ್ಟಿನಿಂದಲೇ ಇದೆ. ದೇಹ ತಾನೇ ತಯಾರಿಸುವ ಎನ್‌ಕೆಫಾಲಿನ್ ಕೂಡ ಅಲ್ಲಿ ಕೆಲಸ ಮಾಡುತ್ತದೆ. ವಿಜ್ಞಾನಿಗಳು ಅದನ್ನು ಗುರುತಿಸಿದ್ದು 1975ರಲ್ಲಿ. ಸಾಮಾನ್ಯವಾಗಿ ಗಾಬಾ ಎಂಬ ತಡೆಯೊಡ್ಡುವ ರಾಸಾಯನಿಕವನ್ನು ಸೂಸುವ ಕೋಶಗಳು ಈ ದಾರಿಯನ್ನು ಬಿಗಿಹಿಡಿದಿರುತ್ತವೆ. ಮಾರ್ಫಿನ್ ಆ ಹಿಡಿತವನ್ನು ಸಡಿಲಿಸುತ್ತದೆ.

ಮೂರನೆಯದು ನೋವಿನ ಸಂಕಟಕ್ಕೆ ಸಂಬಂಧಿಸಿದ ಮಿದುಳಿನ ಸಿಂಗ್ಯುಲೇಟ್, ಇನ್ಸುಲಾ ಭಾಗಗಳಲ್ಲಿ. ‘ನೋವು ಇದೆ, ಆದರೆ ಅಷ್ಟು ಕಾಡುತ್ತಿಲ್ಲ’ ಎಂದು ರೋಗಿಗಳು ಹೇಳುವುದು ಇದರಿಂದಲೇ. ಆ ಮಾತನ್ನು ನಂಬಿ.

ಉಸಿರಾಟದ ಲಯ ಹಿಡಿಯುವ ಮಿದುಳುಕಾಂಡದಲ್ಲೂ ಇದೇ ಗ್ರಾಹಕಗಳಿವೆ. ಪ್ರಮಾಣ ಮೀರಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಮಿದುಳು ಎಚ್ಚೆತ್ತುಕೊಳ್ಳದು. ಮೊದಲ ದಿನಗಳಲ್ಲಿ, ಪ್ರಮಾಣ ಏರಿಸಿದಾಗ, ನಿದ್ದೆಯಲ್ಲಿರುವವರ ಉಸಿರನ್ನು ಪೂರಾ ಒಂದು ನಿಮಿಷ ಎಣಿಸಿ. 10ಕ್ಕಿಂತ ಕಡಿಮೆಯಾದರೆ, ಕೂಗಿ ಅಲುಗಾಡಿಸಿದರೂ ಏಳದಿದ್ದರೆ, ಅಥವಾ ತುಟಿ ನೀಲಿಯಾದರೆ ತಡಮಾಡದೆ ಆಂಬುಲೆನ್ಸ್ ಕರೆಸಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಅದೂ ಒಂದು ಸುಳಿವು. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ನಲಾಕ್ಸೋನ್ ಎಂಬ ಮಾರುಮದ್ದು ಗ್ರಾಹಕಗಳಿಂದ ಮಾರ್ಫಿನನ್ನು ಕಿತ್ತೊಗೆಯುತ್ತದೆ; ಆದರೆ ಅದರ ಬಲ 30ರಿಂದ 90 ನಿಮಿಷ ಮಾತ್ರ. ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು. ಮದ್ಯ, ನಿದ್ದೆಮಾತ್ರೆ ಜೊತೆಗೂಡಿದರೆ ಅಪಾಯ ಬಹಳ ಬೇಗ ಏರುತ್ತದೆ.

ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. 12 ಗಂಟೆಯ ನಿಧಾನ ಮಾತ್ರೆಯನ್ನು ಪುಡಿಮಾಡಿದರೆ ಇಡೀ ಪ್ರಮಾಣ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ. ಮೂತ್ರಪಿಂಡ ದುರ್ಬಲವಾದವರಲ್ಲಿ ಮಾರ್ಫಿನ್‌ನ ಉಳಿಕೆಗಳು ಶೇಖರವಾಗುತ್ತವೆ, ವೈದ್ಯರಿಗೆ ಮೊದಲೇ ತಿಳಿಸಿ. ಕೊಡೀನ್ ಎಂಬ ಇನ್ನೊಂದು ಓಪಿಯಾಯ್ಡ್ ಯಕೃತ್ತಿನಲ್ಲಿ ಮಾರ್ಫಿನ್ ಆಗಿ ಬದಲಾಗಬೇಕು. ಕೆಲವರಲ್ಲಿ ಈ ಬದಲಾವಣೆ ಅತಿವೇಗ, ಕೆಲವರಲ್ಲಿ ಆಗುವುದೇ ಕಷ್ಟ. 12 ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಬೇಡಿ.

ಕರುಳಿನಲ್ಲೂ ಇದೇ ಗ್ರಾಹಕಗಳಿರುವುದರಿಂದ ಮಲಬದ್ಧತೆ ಬಹುತೇಕ ಖಚಿತ. ವಾಕರಿಕೆ ಕೆಲವು ದಿನಗಳಲ್ಲಿ ಇಳಿಯುತ್ತದೆ, ಮಲಬದ್ಧತೆ ಮಾತ್ರ ಇಳಿಯದು. ಮಲ ಸಡಿಲಿಸುವ ಔಷಧವನ್ನು ಮೊದಲ ದಿನದಿಂದಲೇ ಬರೆಸಿಕೊಳ್ಳಿ.

ವಾರಗಳು ಕಳೆದಂತೆ ಗ್ರಾಹಕಗಳು ಒಗ್ಗಿಕೊಂಡು ಪ್ರಮಾಣ ಏರಿಸಬೇಕಾಗಬಹುದು. ಅಷ್ಟಕ್ಕೇ ಅದು ಚಟವಲ್ಲ. ಕ್ಯಾನ್ಸರ್ ರೋಗಿಗಳನ್ನು ಚಟದ ಭಯಕ್ಕೆ ನೋವಿನಲ್ಲೇ ನರಳಿಸುವುದು ತಪ್ಪು. ಆದರೆ ಒಮ್ಮೆಲೇ ನಿಲ್ಲಿಸಿದರೆ ಬೆವರು, ಭೇದಿ, ನಡುಕ, ನಿದ್ದೆಗೇಡು ಶುರುವಾಗುತ್ತವೆ; ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಬಿಟ್ಟು ಕೆಲಕಾಲವಾದ ಮೇಲೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಪ್ರಾಣಕ್ಕೆ ಎರವಾಗಬಹುದು. ಒಗ್ಗಿದ್ದ ದೇಹ ಅಷ್ಟರಲ್ಲಿ ಮೊದಲಿನಂತಾಗಿರುತ್ತದೆ.

ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯನ್ನು ಸಾಮಾನ್ಯವಾಗಿ 72 ಗಂಟೆಗೊಮ್ಮೆ ಬದಲಿಸುತ್ತಾರೆ. ಹೊಸದನ್ನು ಹಚ್ಚುವ ಮುಂಚೆ ಹಳೆಯದನ್ನು ತೆಗೆಯಿರಿ. ಅದರ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಶಾಖಕ್ಕೆ ಔಷಧ ಹೆಚ್ಚು ಇಳಿಯುತ್ತದೆ. ತೆಗೆದ ಪಟ್ಟಿಯಲ್ಲೂ ಮಗುವಿನ ಜೀವ ತೆಗೆಯುವಷ್ಟು ಔಷಧ ಉಳಿದಿರುತ್ತದೆ. ಅಂಟುಬದಿ ಒಳಗೆ ಬರುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು, ಔಷಧ ಕೊಟ್ಟ ಕಡೆಗೇ ಮರಳಿಸಿ.