ಅವತ್ತು ಬರೆಯದೇ ಬಿಟ್ಟ ಒಂದು ಸಾಲು

ಫಿಜಿಯೋಥೆರಪಿ ಕೆಲಸಕ್ಕೆ ಸೇರಿ ನನಗಾಗ ನಾಲ್ಕನೇ ವರ್ಷ. ಮೀನಖಂಡ ಬಿಗಿಯುತ್ತದೆ ಎಂದು ಬರುತ್ತಿದ್ದ ಹಿರಿಯ ಮಹಿಳೆಯೊಬ್ಬರಿಗೆ ಹಾಟ್ ಪ್ಯಾಕ್ ಇಡಲು ಅಸಿಸ್ಟೆಂಟಿಗೆ ಹೇಳಿದೆ. ಪಕ್ಕದ ಕೋಣೆಯಲ್ಲಿ ಇನ್ನೊಬ್ಬರಿಗೆ ಭುಜದ ವ್ಯಾಯಾಮ ಮಾಡಿಸುತ್ತಿದ್ದೆ. ಇಪ್ಪತ್ತು ನಿಮಿಷ ಬಿಟ್ಟು ಪ್ಯಾಕ್ ತೆಗೆದಾಗ ಚರ್ಮ ಕೆಂಪಾಗಿತ್ತು. ಶಾಖ ಕೊಟ್ಟ ಮೇಲೆ ಕೆಂಪಾಗುವುದು ಸಹಜ ಅಲ್ವಾ ಎಂದುಕೊಂಡು ಕಳುಹಿಸಿದೆ. ಸಂಜೆ ಅವರ ಮಗ ಫೋನ್ ಮಾಡಿದರು. ಕಾಲಿನ ಮೇಲೆ ಎರಡು ದೊಡ್ಡ ಗುಳ್ಳೆ ಎದ್ದಿದ್ದವು.

ಅವರಿಗೆ ಬಹಳ ವರ್ಷಗಳಿಂದ ಶುಗರ್ ಇತ್ತು. ಅದು ನನಗೆ ಗೊತ್ತಿತ್ತು. ಶುಗರ್ ನರಗಳಿಗೆ ತಗುಲಿದರೆ ಮೊದಲು ಪಾದ, ಆಮೇಲೆ ಕಾಲು ಸ್ಪರ್ಶ ಕಳೆದುಕೊಳ್ಳುತ್ತವೆ ಎಂಬುದೂ ಗೊತ್ತಿತ್ತು. ಆದರೂ ನಾನು ಹೇಳಿದ್ದು ಒಂದೇ ಮಾತು: "ಬಿಸಿ ಜಾಸ್ತಿ ಆದ್ರೆ ಹೇಳಿ ಅಮ್ಮ." ಬಿಸಿಯೇ ತಿಳಿಯದವರು ಏನಂತ ಹೇಳಬೇಕು?

ಫೋನ್ ಇಟ್ಟ ತಕ್ಷಣ ಅವರ ಕೇಸ್ ಶೀಟ್ ತೆಗೆದೆ. "ಹಾಟ್ ಪ್ಯಾಕ್ 20 ನಿಮಿಷ, ವ್ಯಾಯಾಮ" ಎಂದಷ್ಟೇ ಇತ್ತು. ಅದರ ಪಕ್ಕ ಜಾಗ ಖಾಲಿ ಇತ್ತು. "ಸ್ಪರ್ಶ ಪರೀಕ್ಷೆ ಮಾಡಿದೆ, ಸರಿಯಿದೆ" ಎಂಬ ಸಾಲು ಅಲ್ಲಿ ಹಿಡಿಯುತ್ತಿತ್ತು. ಪೆನ್ನು ಕೈಯಲ್ಲಿತ್ತು. ಆ ಪರೀಕ್ಷೆ ನಾನು ಮಾಡಿರಲಿಲ್ಲ.

ನಮ್ಮ ಸೀನಿಯರ್ ಮೇಡಂ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು. "ಆ ಸಾಲು ಮುಟ್ಟಬೇಡ. ಈಗ ಬರೆಯೋದಿದ್ರೆ ಕೆಳಗೆ ಹೊಸದಾಗಿ ಬರಿ. ಇವತ್ತಿನ ತಾರೀಕು, ಈಗಿನ ಟೈಮ್ ಹಾಕಿ ಸಹಿ ಮಾಡು" ಎಂದರು. ಮಗ ಫೋನಿನಲ್ಲಿ ಏನು ಹೇಳಿದರು, ನಾನು ಏನು ಸಲಹೆ ಕೊಟ್ಟೆ, ಅಷ್ಟನ್ನೇ ಬರೆದೆ. ಆ ಮಾತು ನನ್ನನ್ನು ಎಷ್ಟು ಉಳಿಸಿತು ಎಂಬುದು ಆಮೇಲೆ ವಕೀಲರ ಮುಂದೆ ಕೂತಾಗ ತಿಳಿಯಿತು. ಚಿಕಿತ್ಸೆಯಲ್ಲಿ ಆದ ತಪ್ಪು ನಿರ್ಲಕ್ಷ್ಯದ ಪ್ರಶ್ನೆ. ರೆಕಾರ್ಡ್ ತಿದ್ದಿದರೆ ಅದು ಮೋಸದ ಪ್ರಶ್ನೆಯಾಗುತ್ತದೆ. ಒಂದು ಸಾಲು ಸುಳ್ಳೆಂದು ಗೊತ್ತಾದರೆ ಆ ಹಾಳೆಯಲ್ಲಿರುವ ನಿಜವಾದ ಸಾಲುಗಳನ್ನೂ ಯಾರೂ ನಂಬುವುದಿಲ್ಲ.

ಮರುದಿನ ಆ ಹಿರಿಯ ಮಹಿಳೆಯನ್ನು ನೋಡಿ ಕ್ಷಮೆ ಕೇಳಿದೆ. "ಸಾರಿ ಅಂದ್ರೆ ತಪ್ಪು ಒಪ್ಪಿಕೊಂಡ ಹಾಗೆ" ಎಂದು ಕೆಲವರು ಹೆದರಿಸಿದ್ದರು. ಎಲ್ಲ ಕಡೆಯ ಕಾನೂನು ಹಾಗಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2006ರಲ್ಲಿ ಬಂದ ಪರಿಹಾರ ಕಾಯ್ದೆ, ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯ ಒಪ್ಪಿಕೊಂಡಂತೆ ಆಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮಲ್ಲಿ ಹೇಗಿದೆ ಎಂದು ಮೊದಲೇ ತಿಳಿದುಕೊಂಡಿರಿ. ನನಗಂತೂ ಆ ತಾಯಿಯ ಕಾಲು ನೋಡಿ ಸುಮ್ನೆ ನಿಲ್ಲಲು ಆಗಲಿಲ್ಲ.

ಕೆಲವು ವಾರಗಳ ನಂತರ ಮನೆಯವರಿಂದ ನೋಟಿಸ್ ಬಂತು. ನಾನೇ ಉತ್ತರ ಬರೆಯಲು ಹೋಗದೆ ವೃತ್ತಿ ವಿಮೆಯವರಿಗೆ ತಿಳಿಸಿದೆ. ತಡಮಾಡಿದರೆ ವಿಮೆಯ ರಕ್ಷಣೆಯೇ ಕೈತಪ್ಪಬಹುದು. ಕೊನೆಗೆ ಮಾತುಕತೆಯಲ್ಲೇ ಮುಗಿಯಿತು. ಆದರೆ ವಕೀಲರು ನನಗೆ ಹೇಳಿಕೊಟ್ಟ ನಾಲ್ಕು ಪ್ರಶ್ನೆ ಮನಸ್ಸಿನಲ್ಲಿ ಉಳಿದುಬಿಟ್ಟವು. ಈ ರೋಗಿಯ ಕಡೆಗೆ ನಿನಗೆ ಹೊಣೆ ಇತ್ತೇ? ಆ ಹೊಣೆಯಲ್ಲಿ ತಪ್ಪಿದೆಯಾ? ಅವರಿಗೆ ಹಾನಿ ಆಗಿದೆಯೇ? ಆ ಹಾನಿ ನಿನ್ನ ತಪ್ಪಿನಿಂದಲೇ ಆದದ್ದೇ? ನಾಲ್ಕೂ ಸಾಬೀತಾದರೆ ಮಾತ್ರ ನಿರ್ಲಕ್ಷ್ಯ. ಗುಣವಾಗಲಿಲ್ಲ ಎಂಬುದೊಂದೇ ಸಾಲದು.

ಎರಡನೆಯ ಪ್ರಶ್ನೆಯಲ್ಲೇ ನಾನು ಸಿಕ್ಕಿಬಿದ್ದೆ. "ಎಲ್ಲರೂ ಹೀಗೇ ಮಾಡ್ತಾರೆ ಸರ್" ಎಂದೆ. ವಕೀಲರು ಇಂಗ್ಲೆಂಡಿನ ಕೋರ್ಟಿನ 1957ರ ಬೋಲಮ್ ತೀರ್ಪಿನ ಕಥೆ ಹೇಳಿದರು. ಸ್ನಾಯು ಸಡಿಲಗೊಳಿಸುವ ಔಷಧಿ ಕೊಡದೆ ಮಾನಸಿಕ ಕಾಯಿಲೆಗೆ ಕೊಡುವ ವಿದ್ಯುತ್ ಆಘಾತ ಚಿಕಿತ್ಸೆ ಕೊಟ್ಟಾಗ ರೋಗಿಯ ಸೊಂಟದ ಮೂಳೆ ಮುರಿದಿತ್ತು. ಆದರೂ ಗೆದ್ದದ್ದು ಆಸ್ಪತ್ರೆ. ಆ ವಿದ್ಯೆ ಬಲ್ಲ ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಸರಿ ಎಂದು ಒಪ್ಪುವ ರೀತಿಯಲ್ಲಿ ನಡೆದುಕೊಂಡರೆ ಅದು ನಿರ್ಲಕ್ಷ್ಯವಲ್ಲ ಎಂಬ ಅಳತೆ ಅಲ್ಲಿಂದ ಬಂತು. ನನಗೆ ಸಮಾಧಾನವಾಯಿತು. ಆಗ ಅವರು 1997ರ ಬೊಲಿತೋ ತೀರ್ಪನ್ನೂ ಸೇರಿಸಿದರು: ಪರಿಣತರ ಆ ಅಭಿಪ್ರಾಯ ತರ್ಕಕ್ಕೆ ನಿಲ್ಲುವಂತಿರಬೇಕು. "ಸ್ಪರ್ಶ ನೋಡದೆ ಶಾಖ ಕೊಡಬಹುದು ಎಂದು ನಿಮ್ಮ ವಿದ್ಯೆಯ ಯಾವ ಪಾಠ ಹೇಳುತ್ತೆ?" ಎಂದು ಕೇಳಿದರು. ಉತ್ತರ ಇರಲಿಲ್ಲ.

ಈಗ ನನ್ನ ಟೇಬಲ್ ಮೇಲೆ ಎರಡು ಟೆಸ್ಟ್ ಟ್ಯೂಬ್ ಸದಾ ಇರುತ್ತವೆ. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು. ಮೊದಲು ಸ್ಪರ್ಶ ಚೆನ್ನಾಗಿರುವ ಜಾಗದಲ್ಲಿ ಮುಟ್ಟಿಸಿ, ಇದು ಬಿಸಿ, ಇದು ತಣ್ಣಗೆ ಎಂದು ತೋರಿಸುತ್ತೇನೆ. ಆಮೇಲೆ ಕಣ್ಣು ಮುಚ್ಚಿಸಿ, ಚಿಕಿತ್ಸೆಯ ಜಾಗದಲ್ಲಿ ಹಿಂದೆಮುಂದೆ ಮಾಡಿ ಕೇಳುತ್ತೇನೆ. ತಪ್ಪು ಹೇಳಿದರೆ ಅಲ್ಲಿ ಶಾಖ ಇಲ್ಲ. ಹಾಟ್ ಪ್ಯಾಕ್ ಬರುವುದು ಸುಮಾರು 70ರಿಂದ 75 ಡಿಗ್ರಿ ಸೆಲ್ಸಿಯಸ್ ನೀರಿನಿಂದ. ಅದಕ್ಕೆ ಆರರಿಂದ ಎಂಟು ಪದರ ಟವೆಲ್ ಬೇಕು. ಪ್ಯಾಕ್ ಮೇಲೆ ರೋಗಿ ಮಲಗಬಾರದು, ಮೈ ಭಾರಕ್ಕೆ ಟವೆಲ್ ಒತ್ತಿಕೊಂಡು ಶಾಖ ಹೆಚ್ಚುತ್ತದೆ. ಐದು ನಿಮಿಷಕ್ಕೆ ಪ್ಯಾಕ್ ಎತ್ತಿ ಚರ್ಮ ನೋಡುತ್ತೇನೆ. ರೋಗಿಯ ಕೈಯಲ್ಲಿ ಕರೆಗಂಟೆ ಇರುತ್ತದೆ. ಇಷ್ಟನ್ನೂ ಎರಡು ಸಾಲಿನಲ್ಲಿ ಅಲ್ಲೇ, ಆಗಲೇ ಬರೆಯುತ್ತೇನೆ.

ಪ್ಯಾಕ್ ಇಟ್ಟದ್ದು ಅಸಿಸ್ಟೆಂಟ್ ನಿಜ. ಆದರೆ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು, ಆ ರೋಗಿಗೆ ಶಾಖ ಕೊಡಬಹುದೇ ಎಂಬ ತೀರ್ಮಾನವನ್ನು ಒಪ್ಪಿಸಲಾಗದು. ಕೆಲಸದ ವೇಳೆ ನೌಕರ ಮಾಡಿದ ತಪ್ಪಿಗೆ ಮಾಲೀಕರು ಹೊಣೆ ಹೊರಬೇಕಾಗುತ್ತದೆ. ಹಾಗೆಂದು ನಮ್ಮ ಸ್ವಂತ ಹೊಣೆ ಕಳೆದುಹೋಗುವುದಿಲ್ಲ. ಆ ಹುಡುಗನ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸೂ ಬರಲಿಲ್ಲ. ಅವನಿಗೆ ನಾನೇ ಏನೂ ಹೇಳಿಕೊಟ್ಟಿರಲಿಲ್ಲ.

ಸೊಂಟನೋವಿನವರ ಹಾಳೆಯಲ್ಲಿ "ಇಲ್ಲ" ಎಂಬ ಉತ್ತರಗಳನ್ನೂ ಬರೆಯಲು ಕಲಿತೆ. ಮೂತ್ರ ಕಟ್ಟಿದೆಯೇ, ಮಲದ ಹಿಡಿತ ತಪ್ಪಿದೆಯೇ, ಕೂರುವ ಜಾಗದಲ್ಲಿ ಮರಗಟ್ಟಿದೆಯೇ, ಎರಡೂ ಕಾಲಿನಲ್ಲಿ ಶಕ್ತಿ ಕುಂದಿದೆಯೇ? ಇವು ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಕೊಂಡಿರಬಹುದು ಎಂಬ ಸೂಚನೆ. ಒಂದು ಹೌದು ಬಂದರೂ ವ್ಯಾಯಾಮ ನಿಲ್ಲಿಸಿ ತುರ್ತಾಗಿ ಆಸ್ಪತ್ರೆಗೆ ಕಳುಹಿಸಬೇಕು. ಕೇಳಿ ಬರೆಯದಿದ್ದರೆ, ಕೇಳಿದ್ದಕ್ಕೆ ನನ್ನ ಬಾಯಿಮಾತು ಬಿಟ್ಟು ಬೇರೆ ಏನೂ ಉಳಿಯುವುದಿಲ್ಲ.

ಒಪ್ಪಿಗೆಯ ವಿಷಯದಲ್ಲಿ ನಾನು ಜಾಸ್ತಿ ಬದಲಾದೆ. ಮೊದಲು ಫಾರ್ಮಿಗೆ ಸಹಿ ಹಾಕಿಸಿದರೆ ಮುಗಿಯಿತು ಎಂದುಕೊಂಡಿದ್ದೆ. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಮಾಂಟ್ಗೊಮೆರಿ ಪ್ರಕರಣದಲ್ಲಿ ಹೇಳಿದ್ದು ಬೇರೆ. ಆ ರೋಗಿಯ ಜಾಗದಲ್ಲಿರುವ ವ್ಯಕ್ತಿಗೆ ಮುಖ್ಯ ಎನಿಸುವ ಅಪಾಯಗಳನ್ನು, ಇರುವ ಬೇರೆ ದಾರಿಗಳನ್ನು ತಿಳಿಸಬೇಕು. ಎಷ್ಟು ಹೇಳಬೇಕು ಎಂಬುದನ್ನು ವೈದ್ಯರ ರೂಢಿಯೊಂದೇ ತೀರ್ಮಾನಿಸುವಂತಿಲ್ಲ.

ಅದನ್ನು ಓದಿದ ಮೇಲೆ ಕುತ್ತಿಗೆಯ ಮ್ಯಾನಿಪ್ಯುಲೇಶನ್, ಅಂದರೆ ಕೀಲನ್ನು ಕೈಯಿಂದ ಝಟ್ಟನೆ ಅಲುಗಿಸುವ ಚಿಕಿತ್ಸೆ, ಮಾಡುವ ಮುಂಚೆ ಎದುರಿಗೆ ಕೂತು ಮಾತಾಡುತ್ತೇನೆ. ಕುತ್ತಿಗೆಯ ರಕ್ತನಾಳ ಸೀಳಿ ಪಾರ್ಶ್ವವಾಯು ಆಗುವುದು ತೀರಾ ಅಪರೂಪ, ಆದರೆ ಆಯಿತೆಂದರೆ ಹಾನಿ ದೊಡ್ಡದು ಎಂದು ಹೇಳುತ್ತೇನೆ. ಮೊದಲ ಸಲ ಹಾಗೆ ಹೇಳಿದಾಗ ಒಬ್ಬರು ಸ್ವಲ್ಪ ಯೋಚಿಸಿ, "ಹಾಗಾದ್ರೆ ನಂಗೆ ಬೇಡ, ಬೇರೆ ಏನಿದೆ ಹೇಳಿ" ಎಂದರು. ನಿಧಾನದ ವ್ಯಾಯಾಮ ಶುರು ಮಾಡಿದೆವು. ಹಾಳೆಯಲ್ಲಿ ಬರೆದೆ: "ಅಪಾಯ ವಿವರಿಸಿದೆ. ಮ್ಯಾನಿಪ್ಯುಲೇಶನ್ ಬೇಡ ಎಂದರು. ವ್ಯಾಯಾಮಕ್ಕೆ ಒಪ್ಪಿದರು." ಕೆಳಗೆ ತಾರೀಕು, ಟೈಮ್, ಸಹಿ.