128 × 128 ಪಿಕ್ಸೆಲ್‌ನಲ್ಲಿ ಒಂದು ಜಿಗಿತದ ಆಟ: ನನ್ನ ಅನುಭವ

ರೆಟ್ರೊ, ಅಂದರೆ ಹಳೇ ಕಾಲದ ಶೈಲಿಯ, ಆಟ ಮಾಡಲು ನಾನು ಆರಿಸಿಕೊಂಡದ್ದು ಪಿಕೊ-8. ಯಾವತ್ತೂ ತಯಾರಾಗದ ಹಳೇ ಕನ್ಸೋಲ್ ಒಂದನ್ನು ಕಲ್ಪಿಸಿಕೊಂಡು ಬರೆದ ತಂತ್ರಾಂಶ ಇದು. ಪರದೆ 128 × 128 ಪಿಕ್ಸೆಲ್, ಬಣ್ಣ 16, ಶಬ್ದಕ್ಕೆ 4 ಚಾನೆಲ್, ಲುವಾ ಎಂಬ ಭಾಷೆಯಲ್ಲಿ ಬರೆಯುವ ಕೋಡಿಗೆ 8,192 ಟೋಕನ್ (ಸ್ಥೂಲವಾಗಿ, ಕೋಡಿನ ಒಂದೊಂದು ಪದ ಅಥವಾ ಚಿಹ್ನೆ). ಆಟ ಕಟ್ಟುವ ಬೇರೆ ಎಂಜಿನ್‌ಗಳಲ್ಲೂ ದೊಡ್ಡ ಪಿಕ್ಸೆಲ್ ಇಟ್ಟು ಆಟ ಮಾಡಬಹುದು. ಆದರೆ ಅಲ್ಲಿ ಮಿತಿಯನ್ನು ನಾವೇ ಕಾಯಬೇಕು. ಸ್ವಲ್ಪ ಮೈಮರೆತರೂ ಒಂದು ಕಡೆ ನಯವಾದ ನೆರಳು, ಇನ್ನೊಂದು ಕಡೆ ಓರೆಯಾಗಿ ತಿರುಗಿಸಿದ ಚಿತ್ರ ನುಸುಳಿಬಿಡುತ್ತವೆ. ಹಾಗೆ ಬೆರೆತ ಆಟ ಹಳೆಯದಾಗಿಯೂ ಕಾಣದು, ಹೊಸದಾಗಿಯೂ ಕಾಣದು.

ಆಟದ ಲೋಕದ ನಕ್ಷೆ 128 × 64 ಟೈಲ್ (ನಕ್ಷೆ ಕಟ್ಟುವ ಚೌಕ ತುಂಡು), ಒಂದೊಂದು ಟೈಲ್ 8 × 8 ಪಿಕ್ಸೆಲ್. ಪರದೆಗೆ 16 × 16 ಟೈಲ್ ಹಿಡಿಯುವುದರಿಂದ 32 ಕೋಣೆ ಸಿಗುತ್ತವೆ ಎಂದು ಲೆಕ್ಕ ಹಾಕುತ್ತೇವೆ. ಆದರೆ ನಕ್ಷೆಯ ಕೆಳಗಿನ ಅರ್ಧ ಮತ್ತು ಸ್ಪ್ರೈಟ್ (ಪಾತ್ರ, ವಸ್ತುಗಳ ಪುಟ್ಟ ಚಿತ್ರ) ಹಾಳೆಯ ಕೆಳಗಿನ ಅರ್ಧ ಕೂತಿರುವುದು ಒಂದೇ ಮೆಮೊರಿಯಲ್ಲಿ. 17ನೇ ಕೋಣೆ ಬಿಡಿಸಲು ಕೈಹಚ್ಚಿದರೆ 128ರಿಂದಾಚೆಯ ಸ್ಪ್ರೈಟ್‌ಗಳು ಯಾರೋ ಗೀಚಿದಂತಾಗುತ್ತವೆ. ನಾನು 16 ಕೋಣೆಗೆ ನಿಲ್ಲಿಸಿ, ಉಳಿದ ಜಾಗವನ್ನು ಕನ್ನಡ ಅಕ್ಷರಗಳಿಗೆ ಬಿಟ್ಟುಕೊಟ್ಟೆ.

ಹೆಚ್ಚು ಸಮಯ ಬೇಡಿದ್ದು ಜಿಗಿತ. ಅಂಕಿಗಳನ್ನು ಸುಮ್ಮನೆ ಏರಿಸಿ ಇಳಿಸಿ ನೋಡುವ ಬದಲು ಎತ್ತರ ಮತ್ತು ಸಮಯವನ್ನು ಮೊದಲು ಗೊತ್ತುಮಾಡಿಕೊಂಡೆ: ಎತ್ತರ 20 ಪಿಕ್ಸೆಲ್, ಅಂದರೆ ಎರಡೂವರೆ ಟೈಲ್, ತುದಿ ಮುಟ್ಟಲು 20 ಫ್ರೇಮ್ (ಪರದೆಯ ಚಿತ್ರ ಒಮ್ಮೆ ಬದಲಾಗುವ ಹೊತ್ತು), ಸೆಕೆಂಡಿಗೆ 60 ಫ್ರೇಮ್‌ನ ಲೆಕ್ಕದಲ್ಲಿ. ಎತ್ತರದ ಎರಡರಷ್ಟನ್ನು ಸಮಯದ ವರ್ಗದಿಂದ ಭಾಗಿಸಿದರೆ ಗುರುತ್ವ: 0.1. ಎತ್ತರದ ಅದೇ ಎರಡರಷ್ಟನ್ನು ಬರೀ ಸಮಯದಿಂದ ಭಾಗಿಸಿದರೆ ಆರಂಭದ ವೇಗ: 2. ಬೀಳುವ ವೇಗಕ್ಕೆ 2.5ರ ಕಡಿವಾಣ ಹಾಕಿದೆ. ಏರುತ್ತಿರುವಾಗ ಬಟನ್ ಬಿಟ್ಟರೆ ವೇಗ ಅರ್ಧಕ್ಕಿಳಿಯುತ್ತದೆ. ಗಿಡ್ಡ ಜಿಗಿತ ಬೇಕಾದವರಿಗೆ ಅಷ್ಟು ಸಾಕು.

ಇಷ್ಟಾದರೂ ಆಡುವವರು "ನಾನು ಒತ್ತಿದ್ದೆ, ಜಿಗಿಯಲೇ ಇಲ್ಲ" ಅನ್ನುತ್ತಾರೆ. ಅವರು ಹೇಳುವುದು ಸರಿ. ಅಂಚು ದಾಟಿ ಒಂದೆರಡು ಫ್ರೇಮ್ ಆದ ಮೇಲೆ ಒತ್ತಿರುತ್ತಾರೆ, ಇಲ್ಲವೇ ನೆಲ ಮುಟ್ಟುವ ಸ್ವಲ್ಪ ಮುಂಚೆ. ಅದಕ್ಕೆ ಎರಡು ಎಣಿಕೆ ಇಟ್ಟೆ: ನೆಲ ಬಿಟ್ಟ ಮೇಲೂ 6 ಫ್ರೇಮ್ ಜಿಗಿಯಲು ಅವಕಾಶ, ಮುಂಚೆ ಒತ್ತಿದ್ದನ್ನು 6 ಫ್ರೇಮ್ ನೆನಪಿಡುವ ಅವಕಾಶ. ಜಿಗಿದ ಕೂಡಲೇ ಎರಡನ್ನೂ ಸೊನ್ನೆ ಮಾಡಲೇಬೇಕು. ಒಂದನ್ನು ಮರೆತರೂ ಗಾಳಿಯಲ್ಲೇ ಇನ್ನೊಂದು ಜಿಗಿತ ಸಿಕ್ಕಿಬಿಡಬಹುದು. ಇನ್ನೊಂದು ತೊಡಕು: "ಈಗ ಒತ್ತಿದರೇ?" ಎಂದು ಕೇಳುವ ಪಿಕೊ-8ರ ಫಂಕ್ಷನ್, ಬಟನ್ ಹಿಡಿದೇ ಇದ್ದರೆ ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಮತ್ತೆ ಮತ್ತೆ ಹೌದು ಅನ್ನುತ್ತದೆ. ಮೆನುಗೆ ಅದು ಅನುಕೂಲ, ಜಿಗಿತಕ್ಕೆ ಕಂಟಕ. ಹಿಂದಿನ ಫ್ರೇಮ್‌ನಲ್ಲಿ ಬಟನ್ ಹೇಗಿತ್ತು ಎಂಬುದನ್ನು ನಾನೇ ಬರೆದಿಟ್ಟುಕೊಂಡು ಹೋಲಿಸಿದೆ.

ಇಂಥ ರಿಯಾಯಿತಿ ಕೊಟ್ಟರೆ ರೆಟ್ರೊ ಅನ್ನಿಸಿಕೊಳ್ಳುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2015ರಲ್ಲಿ ಇದೇ ಪಿಕೊ-8ರಲ್ಲಿ ಹುಟ್ಟಿದ ಸೆಲೆಸ್ಟ್ ಎಂಬ ಜಿಗಿತದ ಆಟದ ಮೊದಲ ರೂಪದಲ್ಲೇ ಈ ಎರಡೂ ಇವೆ. 2014ರ ಶವೆಲ್ ನೈಟ್ ಎಂಬ ಆಟ ನೋಡಿ. ನಿಂಟೆಂಡೊದ ಹಳೇ ಕನ್ಸೋಲ್ ಎನ್‌ಇಎಸ್ ಒಂದು ಅಡ್ಡಸಾಲಿನಲ್ಲಿ 8 ಸ್ಪ್ರೈಟ್ ಮಾತ್ರ ತೋರಿಸಬಲ್ಲದು, ಹೆಚ್ಚಾದರೆ ಚಿತ್ರ ಮಿನುಗುತ್ತಿತ್ತು. ಶವೆಲ್ ನೈಟ್ ಆ ಯಂತ್ರದ ಚೆಲುವನ್ನು ಉಳಿಸಿಕೊಂಡು ಮಿನುಗನ್ನು ಬಿಟ್ಟಿತು, ಪರದೆಯನ್ನೂ ಅಗಲ ಮಾಡಿಕೊಂಡಿತು. ಕಣ್ಣಿಗೆ ಹಳೆಯದು ಇರಲಿ, ಬೆರಳಿಗೆ ಬೇಡ.

ಕ್ಯಾಮೆರಾ ಹಿಂಬಾಲಿಸುವ ಕೋಣೆಗಳಲ್ಲಿ ಪಾತ್ರ ನಡುಗುವುದುಂಟು. ಪಾತ್ರದ ಸ್ಥಾನ 40.6, ಕ್ಯಾಮೆರಾದ್ದು 12.3 ಹೀಗೆ ಭಿನ್ನರಾಶಿಯಲ್ಲಿದ್ದು, ಎರಡನ್ನೂ ಬೇರೆ ಬೇರೆಯಾಗಿ ಪೂರ್ಣಾಂಕ ಮಾಡಿದಾಗ ಒಂದು ಪಿಕ್ಸೆಲ್ ಹಿಂದೆ ಮುಂದೆ ಆಗುತ್ತದೆ. ಪಾತ್ರದ ಸ್ಥಾನವನ್ನು ಮೊದಲು ಪೂರ್ಣಾಂಕ ಮಾಡಿ, ಕ್ಯಾಮೆರಾವನ್ನು ಅದರಿಂದಲೇ ಲೆಕ್ಕ ಹಾಕಿದರೆ ನಡುಕ ನಿಲ್ಲುತ್ತದೆ.

ಪತ್ತೆಗೆ ಸುಲಭವಾಗಿ ಸಿಗದ ದೋಷ ಇನ್ನೊಂದಿದೆ. ಪಿಕೊ-8ರ ಸಂಖ್ಯೆ 32,767 ದಾಟಿದರೆ ಋಣಕ್ಕೆ ಹೊರಳುತ್ತದೆ. ಶತ್ರು ಎಷ್ಟು ದೂರವಿದ್ದಾನೆ ಎಂದು ತಿಳಿಯಲು ಅಂತರದ ವರ್ಗ ಮಾಡುತ್ತೇವೆ; 200 ಪಿಕ್ಸೆಲ್ ಅಂತರದ ವರ್ಗ 40,000, ಅದು ಋಣವಾಗಿ ಹೊರಳಿ, ಎಲ್ಲೋ ದೂರವಿದ್ದ ಶತ್ರು ಪಕ್ಕದಲ್ಲೇ ಇದ್ದಂತೆ ಎಚ್ಚರಗೊಳ್ಳುತ್ತಾನೆ. ವರ್ಗ ಮಾಡುವ ಮುಂಚೆ ಅಂತರವನ್ನು 16ರಿಂದ ಭಾಗಿಸಿದೆ.

ಸಂಗೀತಕ್ಕೆ ಮೂರು ಚಾನೆಲ್ ಕಾಯ್ದಿಟ್ಟು ಒಂದನ್ನು ಆಟದ ಸದ್ದುಗಳಿಗೆ ಬಿಟ್ಟೆ.

ಇನ್ನು ಕನ್ನಡ. ಪಿಕೊ-8ರ ಸ್ವಂತ ಅಕ್ಷರ 3 × 5 ಪಿಕ್ಸೆಲ್, ಅದರಲ್ಲಿ ಕನ್ನಡ ಕೂರುವುದಿಲ್ಲ. ತಲೆಕಟ್ಟಿಗೆ ಒಂದು ಸಾಲು, ಅಕ್ಷರದ ಮೈಗೆ 7 ಸಾಲು, ಮೇಲಿನ ಗುಣಿತಕ್ಕೆ 3, ಕೆಳಗಿನ ಒತ್ತಿಗೆ 5: ಒಟ್ಟು 16 ಸಾಲು ಬೇಕು. ಅಗಲ 8 ಅಥವಾ 9. ಅಕ್ಷರ ಜೋಡಿಸುವ ಕೋಡ್ ಬರೆದರೆ ಟೋಕನ್ ಖಾಲಿಯಾಗುತ್ತದೆ, ಹಾಗಾಗಿ ಪದಗಳನ್ನೇ ಚಿತ್ರವಾಗಿ ಬಿಡಿಸಿದೆ. ಒತ್ತಕ್ಷರ ಇಲ್ಲದ ಪದ ಹುಡುಕಿದರೆ ಕೆಳಗಿನ 5 ಸಾಲು ಉಳಿಯುತ್ತದೆ: "ಪ್ರಾರಂಭ" ಬದಲು "ಶುರು". "ಸೋಲು", "ಗೆಲುವು" ಕೂಡ ಹಾಗೆಯೇ ಸಲೀಸಾಗಿ ಕೂತವು. ಠ, ಥ ಎರಡರ ಹೊಟ್ಟೆಯ ಚುಕ್ಕೆಗೆ ಒಂದೇ ಪಿಕ್ಸೆಲ್ ಸಾಕು, ಆದರೆ ಅದರ ಸುತ್ತ ಕನಿಷ್ಠ 3 × 3 ಖಾಲಿ ಜಾಗ ಇರಬೇಕು.

ಆಟವನ್ನು ಹೊರತರುವಾಗ ಹಿಗ್ಗಿಸುವ ಪ್ರಮಾಣ ಪೂರ್ಣಾಂಕವಾಗಿರಲಿ. 1080 ಸಾಲಿನ ಪರದೆಗೆ 8 ಪಟ್ಟು, ಅಂದರೆ 1024. 768 ಸಾಲಿನ ಲ್ಯಾಪ್‌ಟಾಪ್‌ಗೆ 6 ಪಟ್ಟು ಸರಿಯಾಗಿ ಕೂರುತ್ತದೆ, ಆದರೆ ಬ್ರೌಸರ್ ಪಟ್ಟಿಗಳು ಜಾಗ ತಿನ್ನುವುದರಿಂದ 5ಕ್ಕೆ ಇಳಿಸಿ. ಐದೂವರೆ ಪಟ್ಟು ಮಾಡಿದರೆ ಕೆಲವು ಪಿಕ್ಸೆಲ್ 5, ಕೆಲವು 6 ಅಗಲವಾಗುತ್ತವೆ. ಮೇಲೆ ನಯಗೊಳಿಸುವಿಕೆಯೂ ಸೇರಿದರೆ ಚುಕ್ಕೆ ಕರಗಿ, ಠ ಹೋಗಿ ರ ಆಗುತ್ತದೆ.